ಆಪರೇಶನ್ನಿಗೆ ಹತ್ತು ಲಕ್ಷದ ಕಾರ್ಡು, ರಿಂಗಿಗೆ ಕೈಯಿಂದ ದುಡ್ಡು



ಅಮೆರಿಕದಲ್ಲಿ ನೌಕರಿಯಲ್ಲಿರುವ ನಮ್ಮ ಸದಸ್ಯರೊಬ್ಬರ ಮಗಳು ಸಂಘದ ನಂಬರಿಗೆ ಒಂದು ಪ್ರಶ್ನೆ ಕಳಿಸಿದ್ದಾಳೆ. ಅವಳ ತಾಯಿಗೆ ಗರ್ಭಚೀಲ ಸ್ವಲ್ಪ ಜಾರಿದೆ, ಕೆಮ್ಮಿದರೆ ಸೀನಿದರೆ ಬಟ್ಟೆ ತೇವವಾಗುತ್ತದೆ. ಇಲ್ಲಿಯ ಡಾಕ್ಟರು "ಸಂಚಿ ತಗಿಸಿ ಬಿಡ್ರಿ, ಕಾರ್ಡಿನ್ಯಾಗ ಆಗ್ತದ" ಎಂದಿದ್ದಾರೆ. ಮಗಳಿಗೆ ಅದು ಒಪ್ಪಿಗೆ ಇಲ್ಲ. ಅಲ್ಲಿ ಹೆರಿಗೆಯಾದ ಮೇಲೆ ಅವಳಿಗೇ ಇಂಥ ತೊಂದರೆ ಆಗಿತ್ತಂತೆ. ಕೆಳಹೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡುವ ಒಂದು ಸಣ್ಣ ಸಾಧನವನ್ನು ಕೊಂಡು ಬಳಸಿ ಗುಣ ಕಂಡಳಂತೆ. ಅದಕ್ಕೆ ಅವಳು ಕೊಟ್ಟಿದ್ದು ತೆರಿಗೆ ಕಡಿಯುವ ಮುಂಚೆಯೇ ಪಗಾರದಿಂದ ತೆಗೆದಿಟ್ಟ 'ಎಚ್‌ಎಸ್‌ಎ' ಖಾತೆಯ ದುಡ್ಡು. "ಅದೇ ಖಾತೆಯಿಂದ ಇನ್ನೊಂದು ಕೊಂಡು ಅವ್ವನಿಗೆ ಕಳಿಸಬಹುದಾ ಆಂಟಿ? ನಮ್ಮ ಕಡೆ ಇಂಥ ಖಾತೆ ಇಲ್ಲೇನು?" ಎಂಬುದು ಪ್ರಶ್ನೆ.

ಒಂದೇ ಸಾಲಿನ ಉತ್ತರ ಕೊಟ್ಟು ಮುಗಿಸಬಹುದಿತ್ತು. ಆದರೆ ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ನಮ್ಮ ಅಕ್ಕ-ತಂಗಿಯರಲ್ಲಿ ಎಷ್ಟೋ ಮಂದಿ ಈ ತೊಂದರೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಇಪ್ಪತ್ತು ವರ್ಷ ನಾಟಿ ಹಚ್ಚಿದ್ದಾರೆ, ಕಳೆ ತೆಗೆದಿದ್ದಾರೆ, ಗುಳೆ ಹೋಗಿ ಮುಂಬಯಿ-ಪುಣೆಯಲ್ಲಿ ಬುಟ್ಟಿ ಹೊತ್ತಿದ್ದಾರೆ. ಇಂಥ ವಿಷಯ ನಮ್ಮ ಪತ್ರಿಕೆಯಲ್ಲಿ ಬೇಕೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ರಾಜ್ಯೋತ್ಸವದ ವರದಿಯನ್ನೂ ಕನ್ನಡ ಶಾಲೆಯ ಶಿಕ್ಷಕರ ಹುದ್ದೆಯ ಮನವಿಯನ್ನೂ ಹಾಕುತ್ತೇವೆ, ಇದನ್ನೂ ಹಾಕೋಣ ಎಂದೆ. ಮೂವತ್ತು ವರ್ಷ ಕಚೇರಿಯಲ್ಲಿ ಬಿಲ್ಲು ನೋಡಿದವಳು ನಾನು. ಯಾವ ಖರ್ಚಿಗೆ ಯಾವ ಕಲಮಿನಲ್ಲಿ ದುಡ್ಡು ಸಿಗುತ್ತದೆ ಎಂಬುದರ ಮೇಲೆ ಮನುಷ್ಯರು ಏನು ಮಾಡುತ್ತಾರೆ ಎಂಬುದು ನಿರ್ಧಾರವಾಗುವುದನ್ನು ದಿನವೂ ಕಂಡಿದ್ದೇನೆ. ಇಲ್ಲಿಯೂ ಅದೇ ಕತೆ.

ಮೊದಲು ಅಮೆರಿಕದ ಲೆಕ್ಕ. ಅಲ್ಲಿ ಎರಡು ಬಗೆಯ ಖಾತೆಗಳಿವೆ. ಎಚ್‌ಎಸ್‌ಎ ಎಂಬುದು 2003ರ ಕಾನೂನಿನಿಂದ ಬಂದದ್ದು. ಮೊದಲ ಒಂದಷ್ಟು ಖರ್ಚನ್ನು ರೋಗಿಯೇ ಹೊರಬೇಕಾದ ವಿಮೆ ಇದ್ದವರಿಗೆ ಮಾತ್ರ ಅದು ಸಿಗುತ್ತದೆ. 2026ಕ್ಕೆ ಒಬ್ಬರಿಗೆ 4,400 ಡಾಲರ್, ಕುಟುಂಬಕ್ಕೆ 8,750 ಡಾಲರ್ ತನಕ ಹಾಕಬಹುದು. ಉಳಿದದ್ದು ಮುಂದಿನ ವರ್ಷಕ್ಕೂ ಉಳಿಯುತ್ತದೆ. ಇನ್ನೊಂದು ಎಫ್‌ಎಸ್‌ಎ. ಅದು ಮಾಲೀಕರ ಮೂಲಕ ಬರುವಂಥದ್ದು. 2026ರ ಮಿತಿ 3,400 ಡಾಲರ್. ವರ್ಷದೊಳಗೆ ಖರ್ಚು ಮಾಡದಿದ್ದರೆ, ಮಾಲೀಕರು ಅನುಮತಿಸಿದ ಸ್ವಲ್ಪ ಬಿಟ್ಟು ಉಳಿದದ್ದು ಹೋಗಿಬಿಡುತ್ತದೆ. ಡಿಸೆಂಬರಿನಲ್ಲಿ ಅಲ್ಲಿಯ ಜನ ಕನ್ನಡಕ, ಥರ್ಮಾಮೀಟರ್ ಎಂದು ಅಂಗಡಿಗೆ ಓಡುವುದು ಇದಕ್ಕೇ. ನಮ್ಮ ಕಚೇರಿಗಳಲ್ಲಿ ಮಾರ್ಚ್ ತಿಂಗಳಲ್ಲಿ ಗ್ರಾಂಟು ಲ್ಯಾಪ್ಸ್ ಆಗುತ್ತದೆಂದು ಕುರ್ಚಿ-ಮೇಜು ಕೊಳ್ಳುತ್ತಿದ್ದೆವಲ್ಲ, ಹಾಗೆ.

ಯಾವುದಕ್ಕೆ ಖರ್ಚು ಮಾಡಬಹುದು? ಅಲ್ಲಿಯ ತೆರಿಗೆ ಇಲಾಖೆಯ ಅಳತೆಗೋಲು ಒಂದೇ: ರೋಗವನ್ನು ಪತ್ತೆ ಮಾಡುವುದಕ್ಕೆ, ಗುಣಪಡಿಸುವುದಕ್ಕೆ, ತಡೆಯುವುದಕ್ಕೆ, ಅಥವಾ ದೇಹದ ಯಾವುದೋ ಅಂಗದ ಕೆಲಸವನ್ನು ಸರಿಪಡಿಸುವುದಕ್ಕೆ ಅದು ಬೇಕಾಗಿರಬೇಕು. ಸುಮ್ಮನೆ ಮೈಗೆ ಒಳ್ಳೆಯದು ಎಂದರೆ ಸಾಲದು. ಹೆಂಗಸರ ವಸ್ತುಗಳು ಈ ಬಾಗಿಲು ದಾಟುವುದಕ್ಕೆ ತಡವೇ ಆಯಿತು. ಎದೆಹಾಲು ತೆಗೆಯುವ ಪಂಪು 2011ರಲ್ಲಿ ಸೇರಿತು. ಮುಟ್ಟಿನ ಪ್ಯಾಡು, ಕಪ್ಪು ಇತ್ಯಾದಿ ಸೇರಿದ್ದು ಕೋವಿಡ್ ಕಾಲದ ಮಾರ್ಚ್ 2020ರ ಕಾನೂನಿನಲ್ಲಿ. ಗರ್ಭಚೀಲ ಜಾರಿದಾಗ ಒಳಗೆ ಇಡುವ ರಿಂಗು, ಮೂತ್ರ ಹನಿಯುವುದಕ್ಕೆ ಸ್ನಾಯು ಬಲಪಡಿಸುವ ಸಾಧನ, ಇವು ರೋಗಕ್ಕೆ ಸಂಬಂಧಪಟ್ಟವು ಎಂಬ ಲೆಕ್ಕದಲ್ಲಿ ಇಂದು ಕೊಳ್ಳುತ್ತಾರೆ. ಸಂಶಯ ಇದ್ದಲ್ಲಿ ಡಾಕ್ಟರ ಚೀಟಿ ಇಟ್ಟುಕೊಳ್ಳುತ್ತಾರೆ. ಆ ಚೀಟಿಯ ವ್ಯಾಪಾರವೂ ಅಲ್ಲಿ ಬೆಳೆದಿದೆ. ನಾಲ್ಕು ಪ್ರಶ್ನೆಗೆ ಟಿಕ್ ಹಾಕಿದರೆ ಚೀಟಿ ಬರೆದುಕೊಡುವ ಕಂಪನಿಗಳನ್ನು ನಂಬಿ ಸಾಮಾನ್ಯ ಆಹಾರ, ಆರೋಗ್ಯದ ಖರ್ಚನ್ನೆಲ್ಲ ತೋರಿಸಬೇಡಿ ಎಂದು ಮಾರ್ಚ್ 2024ರಲ್ಲಿ ತೆರಿಗೆ ಇಲಾಖೆಯೇ ಎಚ್ಚರಿಸಿತು. ಆದುದರಿಂದ ನಮ್ಮ ಮಕ್ಕಳು ಮಾರುವವರ ಜಾಹೀರಾತಿನ ಮಾತು ನಂಬದೆ, ತಮ್ಮನ್ನು ನೋಡಿದ ಡಾಕ್ಟರಿಂದಲೇ ಚೀಟಿ ಪಡೆಯುವುದು ಕ್ಷೇಮ.

ಲಾಭ ಎಷ್ಟು? 200 ಡಾಲರಿನ ಸಾಧನ ಎಂದು ಇಟ್ಟುಕೊಳ್ಳಿ. ಶೇ. 22ರ ತೆರಿಗೆ ಹಂತದಲ್ಲಿ ಇರುವವಳಿಗೆ, ಪಗಾರದಲ್ಲಿ ಹಿಡಿಯುವ ಶೇ. 7.65 ಸಾಮಾಜಿಕ ಭದ್ರತೆಯ ಕಡಿತವೂ ಉಳಿದರೆ, ಸುಮಾರು 59 ಡಾಲರ್ ಉಳಿತಾಯ. ಶೇ. 12ರ ಹಂತದವಳಿಗೆ 39. ಆದಾಯ ತೆರಿಗೆಯೇ ಇಲ್ಲದ ಬಡವಳಿಗೆ 15. ಆ ದೇಶದಲ್ಲೂ ಹೊಟೇಲಿನಲ್ಲಿ ತಟ್ಟೆ ತೊಳೆಯುವವಳಿಗೆ ಇಂಥ ಖಾತೆಯೇ ಇರುವುದಿಲ್ಲ ಎನ್ನಬಹುದು. ಹೆಚ್ಚು ಸಂಪಾದಿಸಿದವಳಿಗೆ ಹೆಚ್ಚು ರಿಯಾಯಿತಿ, ಕಡಿಮೆಯವಳಿಗೆ ಕಡಿಮೆ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಗಳಲ್ಲಿ ಇರುವ ನಮ್ಮ ಮಕ್ಕಳು ಇನ್ನೊಂದು ನೆನಪಿಡಬೇಕು: ಆ ಎರಡು ರಾಜ್ಯಗಳು ತಮ್ಮ ರಾಜ್ಯ ತೆರಿಗೆಯಲ್ಲಿ ಎಚ್‌ಎಸ್‌ಎ ರಿಯಾಯಿತಿಯನ್ನು ಒಪ್ಪುವುದಿಲ್ಲ.

ಈಗ ಆ ಮಗಳ ಪ್ರಶ್ನೆ. ಅವ್ವನಿಗೆ ಕಳಿಸಬಹುದೇ? ಕಳಿಸುವುದು ತಪ್ಪಲ್ಲ, ಆ ಖಾತೆಯಿಂದ ಕಳಿಸುವುದು ತಪ್ಪು. ಆ ದುಡ್ಡು ತನಗೆ, ಗಂಡನಿಗೆ, ತೆರಿಗೆ ಲೆಕ್ಕದಲ್ಲಿ ಅವಲಂಬಿತರಾದವರಿಗೆ ಮಾತ್ರ. ಅವಲಂಬಿತರು ಎನಿಸಿಕೊಳ್ಳಲು ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಅಮೆರಿಕ, ಕೆನಡಾ, ಮೆಕ್ಸಿಕೊಗಳಲ್ಲಿ ನಿವಾಸಿಯಾಗಿರಬೇಕು. ದಾಮರಗಿದ್ದದಲ್ಲಿ ಇರುವ ತಾಯಿ ಮಗಳ ಅನ್ನದಲ್ಲೇ ಬದುಕಿದ್ದರೂ ಆ ಲೆಕ್ಕದಲ್ಲಿ ಬರುವುದಿಲ್ಲ. ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಮೊಮ್ಮಗುವನ್ನು ನೋಡಲು ಹೋದ ತಾಯಿಯೂ ಸಾಮಾನ್ಯವಾಗಿ ಬರುವುದಿಲ್ಲ. ಎಚ್‌ಎಸ್‌ಎಯಿಂದ ಹಾಗೆ ತೆಗೆದ ದುಡ್ಡಿಗೆ ತೆರಿಗೆಯೂ, ಅದರ ಮೇಲೆ ಶೇ. 20 ದಂಡವೂ ಬೀಳುತ್ತದೆ. ಆದ್ದರಿಂದ ಮಗಳೇ, ತೆರಿಗೆ ಕಟ್ಟಿದ ಮೇಲಿನ ನಿನ್ನ ಸ್ವಂತ ದುಡ್ಡಿನಿಂದ ಕಳಿಸು. ಇದರ ಉಲ್ಟಾ ನಡೆಯುತ್ತದೆ. ನೀನೇ ರಜೆಗೆ ಊರಿಗೆ ಬಂದಾಗ ರಾಯಚೂರಿನಲ್ಲೋ ಹೈದರಾಬಾದಿನಲ್ಲೋ ಫಿಸಿಯೊಥೆರಪಿ ಮಾಡಿಸಿಕೊಂಡರೆ ಆ ಖರ್ಚನ್ನು ನಿನ್ನ ಖಾತೆಯಿಂದ ತೆಗೆಯಬಹುದು. ತಾರೀಖು, ಚಿಕಿತ್ಸೆಯ ಹೆಸರು, ಮೊತ್ತ ಬರೆದ ಬಿಲ್ಲು ತೆಗೆದುಕೋ. ಬಿಳಿ ಚೀಟಿಯ ಮೇಲೆ ಬರೆದು ಕೊಟ್ಟದ್ದು ನಡೆಯುವುದಿಲ್ಲ.

ಎರಡನೆಯ ಪ್ರಶ್ನೆ: ನಮ್ಮ ಕಡೆ ಇಂಥದ್ದು ಇಲ್ಲವೇ? ಹತ್ತಿರದ್ದು ಒಂದು ಇತ್ತು. ನೌಕರರಿಗೆ ಮಾಲೀಕರು ಬಿಲ್ಲು ನೋಡಿ ಕೊಡುವ ವೈದ್ಯಕೀಯ ಮರುಪಾವತಿಯಲ್ಲಿ ವರ್ಷಕ್ಕೆ ₹15,000 ತನಕ ತೆರಿಗೆ ಇರಲಿಲ್ಲ. ಆಸ್ಪತ್ರೆಗೆ ಸೇರಲೇಬೇಕೆಂಬ ಷರತ್ತೂ ಇರಲಿಲ್ಲ. ಮಾತ್ರೆ, ಕನ್ನಡಕ, ಬೆಲ್ಟು ಎಲ್ಲ ನಡೆಯುತ್ತಿತ್ತು. 2018ರ ಬಜೆಟ್ಟಿನಲ್ಲಿ ಅದನ್ನೂ ಸಾರಿಗೆ ಭತ್ಯೆಯ ವಿನಾಯಿತಿಯನ್ನೂ ತೆಗೆದು ₹40,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಟ್ಟರು. ಮಾರ್ಚ್ ಬಂದೊಡನೆ ಮೆಡಿಕಲ್ ಅಂಗಡಿಯ ಮುಂದೆ ಸುಳ್ಳು ಬಿಲ್ಲಿಗೆ ನಿಲ್ಲುತ್ತಿದ್ದ ಸಾಲು ಕರಗಿತು, ಗುಮಾಸ್ತರಿಗೂ ಕೆಲಸ ಕಡಿಮೆಯಾಯಿತು. ಅಷ್ಟರ ಮಟ್ಟಿಗೆ ಒಳ್ಳೆಯದೇ. ಆದರೆ ಆಸ್ಪತ್ರೆಗೆ ಸೇರದೆ ಮಾಡುವ ಚಿಕಿತ್ಸೆಗೆಂದೇ ಮೀಸಲಿದ್ದ ಒಂದು ಸಣ್ಣ ಕಿಂಡಿ ಮುಚ್ಚಿತು.

ಇನ್ನೊಂದು ಕಿಂಡಿ ತೆರೆದೇ ಇದೆ. ಬಹಳ ಮಂದಿಗೆ ಗೊತ್ತಿಲ್ಲ. ಆದಾಯ ತೆರಿಗೆಯ 80ಡಿ ಕಲಮು ಎಂದರೆ ವಿಮೆಯ ಪ್ರೀಮಿಯಂ ಎಂದೇ ಎಲ್ಲರೂ ತಿಳಿದಿದ್ದಾರೆ. ಅದರಲ್ಲಿ, 60 ವರ್ಷ ದಾಟಿದ ತಂದೆ ಅಥವಾ ತಾಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ಅವರ ಆರೋಗ್ಯಕ್ಕೆ ಮಗ ಅಥವಾ ಮಗಳು ಮಾಡಿದ ವೈದ್ಯಕೀಯ ಖರ್ಚನ್ನೇ ವರ್ಷಕ್ಕೆ ₹50,000 ತನಕ ಆದಾಯದಿಂದ ಕಳೆಯಬಹುದು ಎಂದೂ ಇದೆ. ತಂದೆ-ತಾಯಿ ಅವಲಂಬಿತರೇ ಆಗಿರಬೇಕೆಂದಿಲ್ಲ. ಆಸ್ಪತ್ರೆಯಲ್ಲಿ ಮಲಗಿರಬೇಕೆಂದೂ ಇಲ್ಲ. ಡಾಕ್ಟರ ಫೀಸು, ಡಾಕ್ಟರು ಬರೆದುಕೊಟ್ಟ ರಿಂಗು, ಫಿಸಿಯೊಥೆರಪಿ ಇವುಗಳ ಬಿಲ್ಲು ಜೋಡಿಸಿಡಬಹುದು. ಒಂದೇ ಷರತ್ತು: ನಗದು ಕೊಡಬಾರದು. ಫೋನಿನಿಂದ, ಕಾರ್ಡಿನಿಂದ, ಚೆಕ್ಕಿನಿಂದ ಕೊಟ್ಟಿರಬೇಕು. ಹೈದರಾಬಾದಿನಲ್ಲಿ ಶೇ. 30ರ ಹಂತದಲ್ಲಿರುವ ಮಗ ತಾಯಿಗೆ ₹6,000 ಖರ್ಚು ಮಾಡಿದರೆ ಸೆಸ್ ಸೇರಿ ₹1,872 ತೆರಿಗೆ ಉಳಿಯುತ್ತದೆ. ಅಮೆರಿಕದ ಆ 59 ಡಾಲರಿಗೆ ನಮ್ಮ ಕಡೆಯ ಸರಿಸಾಟಿ ಇದೇ.

ಆದರೆ ಇದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 80ಡಿ ಇಲ್ಲ. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದ ತನಕದ ಆದಾಯಕ್ಕೆ ತೆರಿಗೆ ಬೀಳದಂತೆ ಮಾಡಿದ ಮೇಲೆ ನಮ್ಮ ಮಕ್ಕಳಲ್ಲಿ ಹಳೆಯದರಲ್ಲಿ ಉಳಿದವರು ಬೆರಳೆಣಿಕೆಯಷ್ಟು. ಅವರು ಮಾಡಿದ್ದು ಸರಿಯೇ. ಒಂದು ರಿಂಗಿಗಾಗಿ ಹಳೆಯ ಪದ್ಧತಿಗೆ ಹೋಗು ಎಂದು ಯಾರಿಗೂ ಹೇಳಲಾರೆ. ಅದಕ್ಕಿಂತ ದೊಡ್ಡ ಮಾತು ಎಂದರೆ, ತೆರಿಗೆಯನ್ನೇ ಕಟ್ಟದವರಿಗೆ ತೆರಿಗೆ ರಿಯಾಯಿತಿಯಿಂದ ಏನು ಬಂತು? ನಮ್ಮ ಭಾಗದಲ್ಲಿ ಹತ್ತಿ ಬಿಡಿಸುವವಳು, ನಾರಾಯಣಪೇಟೆ ಸೀರೆಗೆ ನೂಲು ಸುತ್ತುವವಳು ಯಾವ ಪದ್ಧತಿಯಲ್ಲೂ ಇಲ್ಲ.

ಅವಳ ಕೈಯಲ್ಲಿರುವುದು ರೇಶನ್ ಕಾರ್ಡು. ಅದರ ಮೇಲೆ ಆರೋಗ್ಯಶ್ರೀ. ಉಮ್ಮಡಿ ಆಂಧ್ರದಲ್ಲಿ 2007ರಲ್ಲಿ ಆರಂಭವಾದ ಯೋಜನೆ, ತೆಲಂಗಾಣದಲ್ಲಿ ಡಿಸೆಂಬರ್ 9, 2023ರಿಂದ ಐದು ಲಕ್ಷದಿಂದ ಹತ್ತು ಲಕ್ಷಕ್ಕೆ ಏರಿತು. ಹೃದಯ, ಕಿಡ್ನಿ, ಕ್ಯಾನ್ಸರ್ ಎಂದು ಎಷ್ಟೋ ಮನೆಗಳನ್ನು ಸಾಲದಿಂದ ಉಳಿಸಿದ ಯೋಜನೆ ಅದು. ನದಿಯಾಚೆ ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ. ಎರಡರದೂ ನಡೆ ಒಂದೇ: ಆಸ್ಪತ್ರೆಗೆ ಸೇರಿಸು, ಪಟ್ಟಿಯಲ್ಲಿರುವ ಚಿಕಿತ್ಸೆ ಮಾಡು, ಪ್ಯಾಕೇಜಿನ ದುಡ್ಡು ತೆಗೆದುಕೋ. ಪಟ್ಟಿಯಲ್ಲಿ ಗರ್ಭಚೀಲ ತೆಗೆಯುವ ಆಪರೇಶನ್ ಇದೆ. ರಿಂಗು ಕೂಡಿಸಿ ಮೂರು ತಿಂಗಳಿಗೊಮ್ಮೆ ನೋಡುವುದಕ್ಕೆ ಪ್ಯಾಕೇಜು ಎಲ್ಲಿಂದ ಬರಬೇಕು? ಅದು ಹೊರರೋಗಿ ವಿಭಾಗದ ಹತ್ತು ನಿಮಿಷದ ಕೆಲಸ. ಸರ್ಕಾರಿ ದವಾಖಾನೆಯಲ್ಲಿ ದಾಸ್ತಾನಿದ್ದರೆ ಪುಕ್ಕಟೆ ಸಿಗಬಹುದು. ಇಲ್ಲದಿದ್ದರೆ ಸಾದಾ ರಿಂಗು ಹೊರಗಿನ ಅಂಗಡಿಯಲ್ಲಿ ಕೆಲವು ನೂರು ರೂಪಾಯಿ. ಹತ್ತು ಲಕ್ಷದ ಕಾರ್ಡು ಸೆರಗಿನಲ್ಲಿ ಇಟ್ಟುಕೊಂಡವಳು ಆ ಕೆಲವು ನೂರಕ್ಕೆ ಎರಡು ದಿನದ ಕೂಲಿ ಬಿಡಬೇಕು. ಬಸ್ ಚಾರ್ಜು ಇಲ್ಲದಿರುವುದು ಒಂದೇ ಸಮಾಧಾನ. ಮಹಾಲಕ್ಷ್ಮಿ ಯೋಜನೆಯ ಪುಕ್ಕಟೆ ಬಸ್ಸೂ ಅದೇ ಡಿಸೆಂಬರ್ 9ರಂದೇ ಶುರುವಾಯಿತು.

ಖಾಸಗಿ ವಿಮೆಯೂ ಬೇರೆಯಲ್ಲ. 24 ತಾಸು ಮಂಚದ ಮೇಲೆ ಮಲಗಿದರೆ ಕ್ಲೇಮು. ಅದರಲ್ಲೂ ಕೊಡಬೇಕಾಗಿಲ್ಲದ ವಸ್ತುಗಳೆಂದು ಐಆರ್‌ಡಿಎಐ ಪ್ರಕಟಿಸಿದ ಪಟ್ಟಿಯಲ್ಲಿ ಸ್ಯಾನಿಟರಿ ಪ್ಯಾಡು, ಯಾವ ಬಗೆಯ ಡೈಪರೂ ಸೇರಿವೆ. ನಾನು ನೌಕರಿಯಲ್ಲಿದ್ದಾಗ ಒಬ್ಬ ಸಹೋದ್ಯೋಗಿಯ ಹೆಂಡತಿಯ ರಿಂಗಿನ ಬಿಲ್ಲು ಮೇಲಿನ ಕಚೇರಿಯಿಂದ ಕೆಂಪು ಶಾಯಿಯಲ್ಲಿ ತಿರುಗಿ ಬಂತು: "ಇದು ಔಷಧಿಯಲ್ಲ, ಸಾಧನ; ಪಟ್ಟಿಯಲ್ಲಿಲ್ಲ." ಆರು ತಿಂಗಳ ನಂತರ ಅದೇ ಮನೆಯಿಂದ ಗರ್ಭಚೀಲ ತೆಗೆಸಿದ ಬಿಲ್ಲು ಬಂತು. ಆಕ್ಷೇಪಣೆ ಒಂದೂ ಇಲ್ಲದೆ ಪಾಸಾಯಿತು. ಮೊತ್ತ ಎಷ್ಟು ಪಟ್ಟು ಹೆಚ್ಚು ಎಂದು ಲೆಕ್ಕ ಹಾಕಲು ನನಗೇ ಮನಸ್ಸು ಬರಲಿಲ್ಲ.

ದುಡ್ಡು ಯಾವ ಕಡೆ ಹರಿಯುತ್ತದೋ ಚಿಕಿತ್ಸೆಯೂ ಆ ಕಡೆಯೇ ಹರಿಯುತ್ತದೆ ಎಂದು ನಾನು ಹೇಳುವುದು ಇದಕ್ಕೆ. 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಚೀಲ ತೆಗೆಸಿಕೊಂಡವರು ದೇಶದಲ್ಲಿ ಶೇ. 3.2. ಆಂಧ್ರಪ್ರದೇಶದಲ್ಲಿ ಶೇ. 8.9, ತೆಲಂಗಾಣದಲ್ಲಿ ಶೇ. 7.7. ತೆಗೆಸಿಕೊಂಡಾಗಿನ ನಡುವಯಸ್ಸು ದೇಶದ ಲೆಕ್ಕದಲ್ಲಿ 34. ಮೂರರಲ್ಲಿ ಎರಡು ಪಾಲು ಆಪರೇಶನ್ ಖಾಸಗಿಯಲ್ಲಿ. ಇಷ್ಟೂ ಯೋಜನೆಯ ದುಡ್ಡಿನಿಂದಲೇ ಆಯಿತು ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ, ಬಂಗಾರ ಅಡವಿಟ್ಟು ತೆಗೆಸಿಕೊಂಡವರೂ ನಮ್ಮಲ್ಲೇ ಇದ್ದಾರೆ. ಬಿಳಿ ಹೋಗುತ್ತದೆ, ನಡು ನೋಯುತ್ತದೆ, ಜಾರಿದೆ, ಎಲ್ಲಕ್ಕೂ ಒಂದೇ ಉತ್ತರ. "ಮಕ್ಕಳು ಆದವಲ್ಲ, ಇನ್ನ್ಯಾಕ ಬೇಕು ಸಂಚಿ?" ಎಂಬ ಮಾತು ದವಾಖಾನೆಯಲ್ಲೂ ಕೇಳುತ್ತದೆ, ಮನೆಯಲ್ಲೂ ಕೇಳುತ್ತದೆ. ಮುಟ್ಟಿನ ನಾಲ್ಕು ದಿನ ಕೂಲಿ ತಪ್ಪುವುದಿಲ್ಲ ಎಂದು ಹೆಂಗಸರೇ ಒಪ್ಪಿಕೊಳ್ಳುವುದೂ ಉಂಟು. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ವಿಷಯ 2019ರಲ್ಲಿ ಹೊರಬಂದಾಗ ಇದೇ ಕಾರಣ ಕೇಳಿಬಂದಿತ್ತು.

ದೂರದ ಬೀಡ್ ಬೇಡ, ಪಕ್ಕದ ಕಲಬುರಗಿಯನ್ನೇ ನೋಡಿ. ಅಲ್ಲಿಯ ತಾಂಡಾಗಳ ಲಂಬಾಣಿ ಹೆಂಗಸರು, ದಲಿತ ಕೇರಿಗಳ ಹೆಂಗಸರು ಸಣ್ಣ ಸಣ್ಣ ತೊಂದರೆಗೆ ಖಾಸಗಿ ಆಸ್ಪತ್ರೆಗೆ ಹೋಗಿ ಗರ್ಭಚೀಲ ಕಳೆದುಕೊಂಡು ಬಂದ ಪ್ರಕರಣ ಇಡೀ ರಾಜ್ಯಕ್ಕೆ ಗೊತ್ತಾಯಿತು. ಎರಡು ಸಾವಿರಕ್ಕೂ ಹೆಚ್ಚು ಆಪರೇಶನ್‌ಗಳ ಮಾತು ಬಂತು. ಕರ್ನಾಟಕ ಜನಾರೋಗ್ಯ ಚಳವಳಿಯವರು ಊರೂರು ತಿರುಗಿ ಬರೆದುಕೊಂಡರು, ತನಿಖೆಗಳು ನಡೆದವು, 2015ರಲ್ಲಿ ನಾಲ್ಕು ಆಸ್ಪತ್ರೆಗಳ ಪರವಾನಗಿ ರದ್ದು ಮಾಡುವ ಆದೇಶವೂ ಆಯಿತು. ಆದರೂ ನ್ಯಾಯ ಸಿಗಲಿಲ್ಲವೆಂದು ಫೆಬ್ರುವರಿ 2017ರಲ್ಲಿ ನೂರಾರು ಹೆಂಗಸರು ಕಲಬುರಗಿಯಲ್ಲಿ ಬೀದಿಗಿಳಿದರು. ಗುರುಮಠಕಲ್, ಸೇಡಂ ಕಡೆ ಹೆಣ್ಣು ಕೊಟ್ಟು ತಂದುಕೊಂಡವರು ನಾವು. ಗಡಿರೇಖೆ ನಕ್ಷೆಯಲ್ಲಿ ಇದೆ, ರೋಗಕ್ಕೂ ಡಾಕ್ಟರ ಮಾತಿಗೂ ಅದು ಕಾಣುವುದಿಲ್ಲ.

ಮೂವತ್ತರ ಆಸುಪಾಸಿನಲ್ಲಿ ಗರ್ಭಚೀಲ, ಅದರ ಜೊತೆ ಅಂಡಾಶಯ ಕೂಡ ತೆಗೆದರೆ ಮುಟ್ಟು ನಿಲ್ಲುವ ಕಾಲ ಅಂದೇ ಬಂದಂತೆ. ಎಲುಬು ಸವೆಯುತ್ತವೆ, ಮೈ ಉರಿ, ಹೃದಯದ ತೊಂದರೆಯ ಭಯ. ಇನ್ನೊಂದು ತಮಾಷೆ ಅಲ್ಲದ ತಮಾಷೆ ಎಂದರೆ, ತಳದ ಸ್ನಾಯು ಸಡಿಲಾಗಿಯೇ ಉಳಿದರೆ ಗರ್ಭಚೀಲ ಹೋದ ಮೇಲೂ ಉಳಿದ ಭಾಗ ಜಾರಬಹುದು, ಮೂತ್ರ ಹನಿಯುವುದೂ ಹಾಗೆಯೇ ಉಳಿಯಬಹುದು. ಪೂರ್ತಿ ಹೊರಬಂದು ಹುಣ್ಣಾದವರಿಗೆ, ಬೇರೆ ರೋಗ ಇರುವವರಿಗೆ ಆಪರೇಶನ್ ಬೇಕೇ ಬೇಕು; ಅದಕ್ಕೆ ಕಾರ್ಡು ಇರುವುದು ದೊಡ್ಡ ಪುಣ್ಯ. ನಾನು ಡಾಕ್ಟರಲ್ಲ. ಯಾರಿಗೆ ಯಾವುದು ಎಂದು ಹೇಳುವುದು ನನ್ನ ಕೆಲಸವಲ್ಲ. ಎರಡೂ ದಾರಿ ಇದ್ದಾಗ ಒಂದಕ್ಕೆ ಮಾತ್ರ ಸರ್ಕಾರ ದುಡ್ಡು ಕಟ್ಟಿದರೆ ಇನ್ನೊಂದು ದಾರಿಯ ಹೆಸರನ್ನೂ ಯಾರೂ ಎತ್ತುವುದಿಲ್ಲ ಎಂಬುದಷ್ಟೇ ನನ್ನ ತಕರಾರು.

ಇದು ಹೊಸ ವಿದ್ಯೆಯೂ ಅಲ್ಲ. ಗ್ರೀಕರ ಹಳೆಯ ವೈದ್ಯ ಗ್ರಂಥಗಳಲ್ಲಿ ಜಾರಿದ ಗರ್ಭಚೀಲವನ್ನು ನಿಲ್ಲಿಸಲು ಅರ್ಧ ದಾಳಿಂಬೆ ಹಣ್ಣನ್ನು ಒಳಗೆ ಇಡುವ ಉಪಾಯ ಇದೆಯಂತೆ. ಇಂದಿನ ರಿಂಗು ಅದರ ಮರಿಮಗಳು. ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮವನ್ನು ಅಮೆರಿಕದ ಡಾಕ್ಟರ್ ಆರ್ನಲ್ಡ್ ಕೆಗಲ್ 1948ರಲ್ಲಿ ಬರೆದು ಪ್ರಸಿದ್ಧಗೊಳಿಸಿದ. ಅವನ ಹೆಸರಿನ ಸಾಧನಗಳು ಈಗ ಫೋನಿಗೆ ಜೋಡಿಸಿಕೊಂಡು ಸಾವಿರಾರು ರೂಪಾಯಿಗೆ ಬರುತ್ತವೆ. ವ್ಯಾಯಾಮಕ್ಕೆ ಮಾತ್ರ ಕಾಸಿಲ್ಲ. ಸರಿಯಾದ ಸ್ನಾಯುವನ್ನೇ ಹಿಡಿಯುತ್ತಿದ್ದೇನೆಯೇ ಎಂದು ಒಮ್ಮೆ ತಿಳಿದವರಿಂದ ಕಲಿತು, ಮೂರು ತಿಂಗಳು ಬಿಡದೆ ಮಾಡಬೇಕು. ಸಾಧನ ಮಾಡುವುದು ಆ ಕಲಿಸುವ ಕೆಲಸವನ್ನೇ. ಕಲಿಸುವ ನರ್ಸು ಒಬ್ಬಳು ಊರಿನಲ್ಲೇ ಇದ್ದರೆ ನಮ್ಮ ಬಹುಪಾಲು ಹೆಂಗಸರಿಗೆ ಯಂತ್ರವೇ ಬೇಕಾಗಿಲ್ಲ. ಫ್ರಾನ್ಸ್ ದೇಶದಲ್ಲಿ ಹೆರಿಗೆಯಾದ ಮೇಲೆ ಈ ಸ್ನಾಯುಗಳ ತರಬೇತಿಯ ಖರ್ಚನ್ನು ಸರ್ಕಾರಿ ವಿಮೆಯೇ ಕೊಡುತ್ತದೆ. ಶ್ರೀಮಂತ ದೇಶ ಬಿಡಿ ಎನ್ನುವವರಿಗೆ ನೇಪಾಳ ಇದೆ: ಗರ್ಭಚೀಲ ಜಾರುವ ತೊಂದರೆಗೆ ಚಿಕಿತ್ಸೆ ಸಿಗುವುದು ಹೆಂಗಸರ ಸಂತಾನಾರೋಗ್ಯದ ಹಕ್ಕು ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 2008ರಲ್ಲೇ ಹೇಳಿತು. ನಮ್ಮಲ್ಲಿ 2017ರಲ್ಲಿ ಬಾಣಂತಿಯರಿಗೆ ಕೆಸಿಆರ್ ಕಿಟ್ ಬಂತು, ಗಂಡು ಮಗುವಾದರೆ ₹12,000, ಹೆಣ್ಣಾದರೆ ₹13,000 ಬಂತು. ಸೋಪು, ಎಣ್ಣೆ, ಸೊಳ್ಳೆ ಪರದೆ, ತಾಯಿಗೆ ಸೀರೆ ಎಲ್ಲ ಇದ್ದವು. ಒಂದು ಹಾಳೆಯ ಮೇಲೆ ಈ ವ್ಯಾಯಾಮದ ಚಿತ್ರ ಹಾಕಿ ಅದರ ಜೊತೆ ಕೊಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಹಾಳೆಯನ್ನು ತೆಲುಗಿನ ಜೊತೆ ನಮ್ಮ ಮಂಡಲಗಳಿಗೆ ಕನ್ನಡದಲ್ಲೂ ಮುದ್ರಿಸಿ ಎಂದು ಕೇಳುವ ಹಕ್ಕು ನಮಗಿದೆ. ಮೊಣಕಾಲು ನೋವನ್ನು ಅರೆಬರೆ ತೆಲುಗಿನಲ್ಲಿ ಹೇಳಬಹುದು, ಈ ನೋವನ್ನು ತಾಯಿನುಡಿಯಲ್ಲಲ್ಲದೆ ಹೇಳಲಿಕ್ಕೆ ನಮ್ಮ ಹೆಂಗಸರಿಗೆ ಬಾಯಿ ಬರುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. ಪ್ಯಾಡಿನ ಮೇಲೆ ಜುಲೈ 2017ರಲ್ಲಿ ಹಾಕಿದ ಶೇ. 12 ಜಿಎಸ್‌ಟಿಯನ್ನು ಒಂದು ವರ್ಷದ ಹೋರಾಟದ ನಂತರ ಜುಲೈ 2018ರಲ್ಲಿ ಪೂರ್ತಿ ತೆಗೆದರು. ಸೆಪ್ಟೆಂಬರ್ 22, 2025ರಿಂದ ವೈದ್ಯಕೀಯ ಸಾಧನಗಳ ಜಿಎಸ್‌ಟಿ ಶೇ. 5ಕ್ಕೆ ಇಳಿಯಿತು, ರೋಗಿಗಳ ಡೈಪರೂ ಶೇ. 12ರಿಂದ 5ಕ್ಕೆ ಬಂತು; ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಸೊನ್ನೆಯಾಯಿತು. ನನ್ನ ಲೆಕ್ಕದಲ್ಲಿ ಜಿಎಸ್‌ಟಿ ಇಳಿಸಿದ್ದು ಅಮೆರಿಕದ ಖಾತೆಗಿಂತ ನ್ಯಾಯದ ರಿಯಾಯಿತಿ. ಅಂಗಡಿಯವನು ದರದಲ್ಲಿ ಇಳಿಸಿದರೆ ಕೂಲಿಯವಳಿಗೂ ಅಷ್ಟೇ, ಇಂಜಿನಿಯರಳಿಗೂ ಅಷ್ಟೇ. ಹಳೆಯ ದರದ ಚೀಟಿ ಅಂಟಿದ ಪೆಟ್ಟಿಗೆ ಕೊಟ್ಟರೆ ಹೊಸ ದರ ಕೇಳಿ.

ಸುಪ್ರೀಂ ಕೋರ್ಟು ಕೂಡ ಮಾತಾಡಿದೆ. ಬಿಹಾರ, ಛತ್ತೀಸ್‌ಗಢ, ರಾಜಸ್ಥಾನಗಳಲ್ಲಿ ವಿಮಾ ಯೋಜನೆಯ ದುಡ್ಡಿಗಾಗಿ ಬೇಡದ ಗರ್ಭಚೀಲ ಆಪರೇಶನ್ ಮಾಡುತ್ತಿದ್ದಾರೆ ಎಂದು ಡಾ. ನರೇಂದ್ರ ಗುಪ್ತಾ ಅವರು 2013ರಲ್ಲಿ ಹಾಕಿದ ಅರ್ಜಿಯ ಮೇಲೆ ಏಪ್ರಿಲ್ 5, 2023ರಂದು ತೀರ್ಪು ಬಂತು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾಡಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕು ಎಂದು ಆದೇಶವಾಯಿತು. ಅದರ ಪ್ರಕಾರ ಜಿಲ್ಲಾ ಮಟ್ಟದಲ್ಲಿ ಉಸ್ತುವಾರಿ ಸಮಿತಿ ಇರಬೇಕು, ನಲವತ್ತರ ಒಳಗಿನವರ ಆಪರೇಶನ್ನುಗಳ ಮೇಲೆ ವಿಶೇಷ ಕಣ್ಣಿಡಬೇಕು. ಫೆಬ್ರುವರಿ 2019ರಲ್ಲಿ ಹುಟ್ಟಿದ ನಮ್ಮ ನಾರಾಯಣಪೇಟೆ ಜಿಲ್ಲೆಯಲ್ಲಿ ಆ ಸಮಿತಿ ಯಾವಾಗ ಸೇರಿತು, ಎಷ್ಟು ಆಪರೇಶನ್ನುಗಳ ಲೆಕ್ಕ ನೋಡಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವ ಅರ್ಜಿಯನ್ನು ಸಂಘದ ಪರವಾಗಿ ನಾನು ಬರೆದಿದ್ದೇನೆ. ಗದ್ವಾಲದ ಸದಸ್ಯರು ತಮ್ಮ ಜಿಲ್ಲೆಗೆ ಇದೇ ನಮೂನೆ ಬಳಸಬಹುದು. ₹10 ಶುಲ್ಕ, ಬಡತನ ರೇಖೆಯ ಕೆಳಗಿನವರಿಗೆ ಅದೂ ಇಲ್ಲ.

ಕಡೇಚೂರು–ಬಾಡಿಯಾಳದ ಕಾರ್ಖಾನೆಗಳಿಗೋ, ಹೈದರಾಬಾದಿನ ಕಂಪನಿಗಳಿಗೋ ಹೋಗುವ ಮಕ್ಕಳಿದ್ದರೆ ಇನ್ನೊಂದು ಮಾತು. ತಿಂಗಳ ಪಗಾರ ₹21,000ದ ಒಳಗಿದ್ದು ಚೀಟಿಯಲ್ಲಿ ಶೇ. 0.75 ಇಎಸ್‌ಐ ಕಡಿತ ಇದೆಯೇ ನೋಡಿ. ಇದ್ದರೆ ಹೊರರೋಗಿ ಚಿಕಿತ್ಸೆಯೂ ಅದರಲ್ಲಿ ಸಿಗುತ್ತದೆ, ಹೆಂಡತಿಗೂ ಅವಲಂಬಿತ ತಂದೆ-ತಾಯಿಗೂ ಸಿಗುತ್ತದೆ. ನಮ್ಮ ಎಲ್ಲ ಕಾರ್ಡುಗಳಲ್ಲಿ ಮಂಚದ ಮೇಲೆ ಮಲಗದೆಯೂ ದುಡ್ಡು ಕೊಡುವುದು ಇದೊಂದೇ. ಜನ ಇದನ್ನೇ ಹೆಚ್ಚು ಮರೆತಿರುತ್ತಾರೆ. ಹೆಸರು ಸೇರಿಸಿರದಿದ್ದರೆ ಕಂಪನಿಯ ಆಫೀಸಿನಲ್ಲಿ ಹೇಳಿ ಸೇರಿಸಬೇಕು.

ದವಾಖಾನೆಯಲ್ಲಿ "ತಗಿಸಿ ಬಿಡ್ರಿ" ಎಂದರೆ ಅಲ್ಲೇ ಹೂಂ ಎನ್ನಬೇಡಿ. ಎಷ್ಟು ಜಾರಿದೆ, ರಿಂಗು ನಡೆಯುತ್ತದೆಯೇ, ವ್ಯಾಯಾಮ ಮಾಡಿ ನೋಡಬಹುದೇ, ಅಂಡಾಶಯ ಉಳಿಸುತ್ತೀರಾ ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ರಾಯಚೂರು, ಯಾದಗಿರಿ, ಮಹಬೂಬನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಇನ್ನೊಬ್ಬರ ಅಭಿಪ್ರಾಯ ತೆಗೆದುಕೊಳ್ಳಬಹುದು. ರಿಂಗನ್ನು ಅಂಗಡಿಯಿಂದ ತಂದು ತಾವೇ ಹಾಕಿಕೊಳ್ಳುವುದು ಬೇಡ. ಅಳತೆ ಡಾಕ್ಟರೇ ನೋಡಬೇಕು, ಹಾಕಿದ ಮೇಲೆ ಹೇಳಿದ ದಿನಕ್ಕೆ ತಪ್ಪದೆ ಹೋಗಿ ತೆಗೆಸಿ ತೊಳೆಸಬೇಕು. ಮರೆತು ವರ್ಷಗಟ್ಟಲೆ ಬಿಟ್ಟರೆ ಒಳಗೆ ಹುಣ್ಣಾಗುತ್ತದೆ. ಆನ್‌ಲೈನಿನಲ್ಲಿ ಬರುವ ವಿದ್ಯುತ್ ಸಾಧನಗಳನ್ನೂ ಡಾಕ್ಟರನ್ನು ಕೇಳದೆ ಕೊಳ್ಳಬೇಡಿ, ಮಕ್ಕಳು ಪ್ರೀತಿಯಿಂದ ಕಳಿಸಿದರೂ ಸರಿ.

ಮುಂದಿನ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರಕ್ಕೆ ಸಂಘದ ಕೋಣೆಯಲ್ಲಿ ಹೆಂಗಸರು ಮಾತ್ರ ಕೂಡುತ್ತೇವೆ. ನಿವೃತ್ತ ನರ್ಸ್ ಒಬ್ಬರು ವ್ಯಾಯಾಮ ತೋರಿಸಲು ಒಪ್ಪಿದ್ದಾರೆ, ಕನ್ನಡದಲ್ಲೇ. ಗಂಡಸರು ಹೊರಗೆ ಚಹಾದ ವ್ಯವಸ್ಥೆ ನೋಡಿಕೊಳ್ಳಬೇಕಾಗಿ ವಿನಂತಿ. ಬರುವವರು ರೇಶನ್ ಕಾರ್ಡು, ಇಎಸ್‌ಐ ಇದ್ದರೆ ಅದರ ಜೆರಾಕ್ಸು, ದವಾಖಾನೆಯ ಹಳೆಯ ಚೀಟಿಗಳನ್ನು ತರಬೇಕು. ಮಕ್ಕಳು ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಾಗಿದ್ದರೆ ಬಿಲ್ಲುಗಳನ್ನು ಒಂದು ದಾರದಲ್ಲಿ ಪೋಣಿಸಿ ತನ್ನಿ, 80ಡಿ ಲೆಕ್ಕ ನಾನು ಮಾಡಿಕೊಡುತ್ತೇನೆ. ಚೀಟಿಯ ಹಿಂದೆ ಫೋನಿನಲ್ಲಿ ದುಡ್ಡು ಕೊಟ್ಟ ನಂಬರು ಬರೆದಿರಲಿ.

— ಕಾರ್ಯದರ್ಶಿ